ಹಿಂದೆ ಬಿದ್ದವರ ಔದಾರ್ಯ

ಗೇಮ್ ಕನ್ಸೋಲ್‌ಗಳ, ಅಂದರೆ ವೀಡಿಯೊ ಗೇಮ್ ಆಡಲೆಂದೇ ಮಾಡಿದ ಯಂತ್ರಗಳ ಚರಿತ್ರೆಯಲ್ಲಿ ಅತಿ ಹೆಚ್ಚು ಚಪ್ಪಾಳೆ ಗಿಟ್ಟಿಸಿದ ಘೋಷಣೆಗಳಲ್ಲಿ ಒಂದು, ಏನನ್ನೂ ಬದಲಾಯಿಸುವುದಿಲ್ಲ ಎಂಬ ಘೋಷಣೆ. 2013ರ ಜೂನ್ 10ರಂದು ಲಾಸ್ ಏಂಜಲೀಸ್‌ನಲ್ಲಿ ಸೋನಿಯ ಅಮೆರಿಕ ವಿಭಾಗದ ಮುಖ್ಯಸ್ಥ ಜಾಕ್ ಟ್ರೆಟನ್ ವೇದಿಕೆಯ ಮೇಲೆ ನಿಂತು ತಮ್ಮ ಹೊಸ ಕನ್ಸೋಲ್ ಪ್ಲೇಸ್ಟೇಷನ್ 4 ಬಗ್ಗೆ ಹೇಳಿದ್ದು ಇಷ್ಟು: ಡಿಸ್ಕ್ ಕೊಂಡರೆ ಅದನ್ನು ಮಾರಬಹುದು, ಸ್ನೇಹಿತರಿಗೆ ಕೊಡಬಹುದು, ಬದುಕಿರುವವರೆಗೂ ಇಟ್ಟುಕೊಳ್ಳಬಹುದು, ಒಬ್ಬರೇ ಕುಳಿತು ಆಡುವುದಕ್ಕೆ ಇಂಟರ್ನೆಟ್ ಬೇಕಿಲ್ಲ. ಹಿಂದಿನ ಎಲ್ಲ ಯಂತ್ರಗಳಲ್ಲೂ ಇದ್ದದ್ದೇ ಇದು. ಆದರೂ ಸಭಾಂಗಣ ಕುಣಿದಾಡಿತು. ಅದರ ಜೊತೆಗೆ ಸೋನಿ ಒಂದು ವೀಡಿಯೊ ಬಿಟ್ಟಿತು. ಪ್ಲೇಸ್ಟೇಷನ್‌ನಲ್ಲಿ ಗೇಮ್ ಹಂಚಿಕೊಳ್ಳುವುದು ಹೇಗೆ ಎಂದು ಕಲಿಸುವ ವೀಡಿಯೊ. ಸೋನಿಯ ಅಧಿಕಾರಿ ಶುಹೇಯಿ ಯೋಶಿದಾ ಕೈಯಲ್ಲಿರುವ ಗೇಮನ್ನು ಪಕ್ಕದಲ್ಲಿರುವ ಸಹೋದ್ಯೋಗಿ ಆಡಮ್ ಬಾಯ್ಸ್ ಕೈಗೆ ಕೊಡುತ್ತಾರೆ. ಆತ ತೆಗೆದುಕೊಳ್ಳುತ್ತಾನೆ. ಅರ್ಧ ನಿಮಿಷದೊಳಗೆ ಪಾಠ ಮುಗಿಯುತ್ತದೆ.

ಈ ನಗೆಚಾಟಿಕೆ ಯಾರ ಬೆನ್ನಿಗೆ ಬಿದ್ದದ್ದು ಎಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕೆಲವೇ ದಿನಗಳ ಹಿಂದೆ ಮೈಕ್ರೋಸಾಫ್ಟ್ ತನ್ನ ಹೊಸ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್‌ನ ನಿಯಮಗಳನ್ನು ಪ್ರಕಟಿಸಿತ್ತು. ಡಿಸ್ಕ್ ಕೊಂಡರೂ ಗೇಮ್ ನಿಮ್ಮ ಖಾತೆಗೆ ಅಂಟಿಕೊಳ್ಳುತ್ತದೆ. ಯಂತ್ರ 24 ಗಂಟೆಗೊಮ್ಮೆ ಕಂಪನಿಯ ಸರ್ವರ್‌ಗೆ ಹಾಜರಿ ಹಾಕಬೇಕು. ಬೇರೆಯವರ ಯಂತ್ರದಲ್ಲಿ ನಿಮ್ಮ ಖಾತೆ ಬಳಸಿ ಆಡುತ್ತಿದ್ದರೆ ಗಂಟೆಗೊಮ್ಮೆ. ಹಳೆಯ ಗೇಮ್ ಮಾರಬಹುದೇ ಎಂಬುದು ಪ್ರಕಾಶಕರ ಇಷ್ಟ, ಮಾರುವುದಾದರೂ ಒಪ್ಪಂದವಿರುವ ಅಂಗಡಿಗಳಲ್ಲಿ ಮಾತ್ರ. ಸ್ನೇಹಿತನಿಗೆ ಕೊಡಬಹುದು, ಆದರೆ ಆತ ಕನಿಷ್ಠ 30 ದಿನಗಳಿಂದ ನಿಮ್ಮ ಸ್ನೇಹಿತರ ಪಟ್ಟಿಯಲ್ಲಿ ಇರಬೇಕು, ಮತ್ತು ಒಂದು ಗೇಮನ್ನು ಒಂದೇ ಬಾರಿ ಕೊಡಬಹುದು. ಸ್ನೇಹಕ್ಕೆ ಸೇವಾವಧಿ ನಿಗದಿ ಮಾಡಿದ ಮೊದಲ ಕಂಪನಿ ಇದೇ ಇರಬೇಕು. ಇಂಟರ್ನೆಟ್ ಇಲ್ಲದವರ ಗತಿಯೇನು ಎಂದು ಕೇಳಿದಾಗ ಎಕ್ಸ್‌ಬಾಕ್ಸ್ ಮುಖ್ಯಸ್ಥ ಡಾನ್ ಮ್ಯಾಟ್ರಿಕ್ ಕೊಟ್ಟ ಉತ್ತರದ ತಾತ್ಪರ್ಯ, ಅಂಥವರಿಗಾಗಿ ನಮ್ಮ ಬಳಿ ಹಳೆಯ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂಬುದು. ಬೆಲೆಯಲ್ಲೂ ಅಂತರವಿತ್ತು: ಎಕ್ಸ್‌ಬಾಕ್ಸ್ ಒನ್‌ಗೆ 499 ಡಾಲರ್, ಪ್ಲೇಸ್ಟೇಷನ್ 4ಕ್ಕೆ 399.

ಜೂನ್ 19ರಂದು ಮೈಕ್ರೋಸಾಫ್ಟ್ ಎಲ್ಲವನ್ನೂ ಹಿಂತೆಗೆದುಕೊಂಡಿತು. ಜುಲೈ ಮೊದಲ ದಿನ ಮ್ಯಾಟ್ರಿಕ್ ಬೇರೆ ಕಂಪನಿಗೆ ಹೊರಟುಹೋದದ್ದು ಸುದ್ದಿಯಾಯಿತು. ಸೋನಿ ಮುಂದೆ 11.7 ಕೋಟಿ ಪ್ಲೇಸ್ಟೇಷನ್ 4 ಮಾರಿತು. ಮೈಕ್ರೋಸಾಫ್ಟ್ 2015ರಲ್ಲೇ ಮಾರಾಟದ ಸಂಖ್ಯೆ ಹೇಳುವುದನ್ನು ನಿಲ್ಲಿಸಿಬಿಟ್ಟಿತು. ಕೊನೆಗೆ 2022ರಲ್ಲಿ ಬ್ರೆಜಿಲ್‌ನ ಸ್ಪರ್ಧಾ ಆಯೋಗಕ್ಕೆ ಸಲ್ಲಿಸಿದ ಕಾಗದಗಳಲ್ಲಿ, ಸೋನಿ ತಮಗಿಂತ ಎರಡು ಪಟ್ಟಿಗೂ ಹೆಚ್ಚು ಮಾರಿದೆ ಎಂದು ತಾನೇ ಬರೆದುಕೊಟ್ಟಿತು.

ಈ ಕತೆಯನ್ನು ಗ್ರಾಹಕರ ವಿಜಯ ಎಂದು ಹೇಳುವುದು ವಾಡಿಕೆ. ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಆ ಸಂಜೆಯ ಚಪ್ಪಾಳೆಯ ಅಡಿಯಲ್ಲಿ ಹೂತುಹೋದ ಸಂಗತಿಗಳು ಎರಡು. ಪ್ಲೇಸ್ಟೇಷನ್ 3ರಲ್ಲಿ ಇತರರೊಡನೆ ಆನ್‌ಲೈನ್ ಆಡುವುದು ಉಚಿತವಾಗಿತ್ತು. ಪ್ಲೇಸ್ಟೇಷನ್ 4ರಿಂದ ಅದಕ್ಕೆ ಪ್ಲೇಸ್ಟೇಷನ್ ಪ್ಲಸ್ ಚಂದಾ ಕಟ್ಟಬೇಕು ಎಂಬುದನ್ನೂ ಸೋನಿ ಅದೇ ದಿನ ತಿಳಿಸಿತು. ಯಾರೂ ಕೂಗಲಿಲ್ಲ. ಮೂಗಿಗೆ ತುಪ್ಪ ಸವರುತ್ತಲೇ ಕಿಸೆಗೆ ಕೈ ಹಾಕುವ ಕಲೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಎರಡನೆಯದು, ಮೈಕ್ರೋಸಾಫ್ಟ್‌ನ ಮೂಲ ಯೋಜನೆಯಲ್ಲಿ ಒಂದು ಒಳ್ಳೆಯ ಅಂಶವಿತ್ತು: ಕುಟುಂಬದ 10 ಮಂದಿ ಒಂದೇ ಡಿಜಿಟಲ್ ಸಂಗ್ರಹವನ್ನು ಹಂಚಿಕೊಳ್ಳಬಹುದಿತ್ತು. ಹಾಜರಿ ಹಾಕುವ ನಿಯಮದೊಂದಿಗೆ ಇದೂ ಕಸದ ಬುಟ್ಟಿ ಸೇರಿತು. ಡಿಸ್ಕ್ ಉಳಿಸಿಕೊಳ್ಳಲು ನಾವೆಲ್ಲ ಗದ್ದಲ ಮಾಡಿದೆವು. ಆದರೆ ಡಿಜಿಟಲ್ ಖರೀದಿಯಲ್ಲಿ ನಮ್ಮ ಹಕ್ಕೇನು ಎಂದು ಆಗ ಯಾರೂ ಕೇಳಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ಡಿಸ್ಕ್ ಕೊಳ್ಳುವುದನ್ನು ನಾವೇ ಬಿಟ್ಟೆವು. ಈಗ ಪ್ಲೇಸ್ಟೇಷನ್‌ನಲ್ಲಿ ಮಾರಾಟವಾಗುವ ಪೂರ್ಣ ಗೇಮ್‌ಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಡೌನ್‌ಲೋಡ್ ಮೂಲಕವೇ ಹೋಗುತ್ತವೆ. ಅವುಗಳಲ್ಲಿ ಒಂದನ್ನೂ ಮಾರುವಂತಿಲ್ಲ, ಯಾರ ಕೈಗೂ ಕೊಡುವಂತಿಲ್ಲ.

ಹಾಗಾದರೆ ಈ ಕಂಪನಿಗಳು ಗ್ರಾಹಕಸ್ನೇಹಿ ಆಗುವುದು ಯಾವಾಗ? ಇಪ್ಪತ್ತು ವರ್ಷಗಳ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಕ್ರಮ ಎದ್ದು ಕಾಣುತ್ತದೆ. ಕೊಡುಗೈ ಯಾವಾಗಲೂ ಆ ಹೊತ್ತಿಗೆ ಹಿಂದೆ ಬಿದ್ದವರದು, ಅಥವಾ ಏನೋ ಎಡವಟ್ಟು ಮಾಡಿಕೊಂಡು ಸಿಕ್ಕಿಬಿದ್ದವರದು.

2007ರಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಗಳು ಮುಂಭಾಗದಲ್ಲಿ ಮೂರು ಕೆಂಪು ದೀಪ ತೋರಿಸಿ ಸಾಲುಸಾಲಾಗಿ ಸಾಯತೊಡಗಿದಾಗ ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿತು. ಅದಕ್ಕಾಗಿ 100 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಎತ್ತಿಡಬೇಕಾಯಿತು. 2011ರಲ್ಲಿ ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಯಂತ್ರ 3ಡಿಎಸ್ 250 ಡಾಲರ್‌ಗೆ ಬಂದು ಮಾರಾಟವಾಗದೆ ಕುಳಿತಾಗ, ಕೆಲವೇ ತಿಂಗಳಲ್ಲಿ ಬೆಲೆ 170ಕ್ಕೆ ಇಳಿಯಿತು. ಮೊದಲೇ ಕೊಂಡು ಕೈಸುಟ್ಟುಕೊಂಡವರಿಗೆ 20 ಹಳೆಯ ಗೇಮ್‌ಗಳು ಉಚಿತವಾಗಿ ಸಿಕ್ಕವು. ಅಧ್ಯಕ್ಷ ಸತೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಇದು ನನಗೆ ನಿಜಕ್ಕೂ ಇಷ್ಟವಾದ ಪ್ರಸಂಗ, ಏಕೆಂದರೆ ಕ್ಷಮೆಯ ಬೆಲೆಯನ್ನು ಕ್ಷಮೆ ಕೇಳಿದವರೇ ತೆತ್ತರು. ಅದೇ ವರ್ಷ ಏಪ್ರಿಲ್‌ನಲ್ಲಿ ಸೋನಿಯ ಜಾಲಕ್ಕೆ ಕನ್ನ ಬಿದ್ದು 7.7 ಕೋಟಿ ಖಾತೆಗಳ ಮಾಹಿತಿ ಸೋರಿತು, ಸೇವೆ ಮೂರು ವಾರಕ್ಕೂ ಹೆಚ್ಚು ಕಾಲ ನಿಂತಿತು. ಮರಳಿ ಬಂದವರಿಗೆ ಗೇಮ್‌ಗಳೂ ಒಂದು ತಿಂಗಳ ಚಂದಾವೂ ಉಚಿತ.

ಇವೆಲ್ಲ ಪ್ರಾಯಶ್ಚಿತ್ತದ ಲೆಕ್ಕ. ಸ್ಪರ್ಧೆಯ ಲೆಕ್ಕಕ್ಕೆ ಬಂದರೆ, ಒಂದೇ ಕಂಪನಿ ಎರಡು ಸಂದರ್ಭಗಳಲ್ಲಿ ಹೇಗೆ ನಡೆದುಕೊಂಡಿತು ಎಂದು ನೋಡಬೇಕು. 2011ರಲ್ಲಿ ಪ್ಲೇಸ್ಟೇಷನ್ 3, ಆನ್‌ಲೈನ್ ಆಟದಲ್ಲಿ ಎಕ್ಸ್‌ಬಾಕ್ಸ್‌ನ ಬೆನ್ನಟ್ಟುತ್ತಿದ್ದ ಯಂತ್ರ. ಆಗ ವಾಲ್ವ್ ಕಂಪನಿಯ ಪೋರ್ಟಲ್ 2 ಎಂಬ ಗೇಮ್ ಬಂತು. ಸೋನಿ ತನ್ನ ಯಂತ್ರದೊಳಗೆ ಪಿಸಿ ಗೇಮ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುವ ವಾಲ್ವ್‌ನ ಸ್ಟೀಮ್ ವ್ಯವಸ್ಥೆಯನ್ನೇ ಬಿಟ್ಟುಕೊಂಡಿತು. ಪ್ಲೇಸ್ಟೇಷನ್‌ನವರು ಪಿಸಿಯವರೊಡನೆ ಕೂಡಿ ಆಡಬಹುದಿತ್ತು. ಡಿಸ್ಕ್ ಕೊಂಡವರಿಗೆ ಪಿಸಿ ಆವೃತ್ತಿಯೂ ಉಚಿತವಾಗಿ ಸಿಗುತ್ತಿತ್ತು. ಒಮ್ಮೆ ದುಡ್ಡು, ಎರಡು ಕಡೆ ಗೇಮ್, ಅದೂ ಬೇರೊಬ್ಬರ ಅಂಗಡಿಯಲ್ಲಿ!

ಏಳು ವರ್ಷ ಮುಂದಕ್ಕೆ ಬನ್ನಿ. 2018ರ ಜೂನ್‌ನಲ್ಲಿ ಎಪಿಕ್ ಕಂಪನಿಯ ಆನ್‌ಲೈನ್ ಗೇಮ್ ಫೋರ್ಟ್‌ನೈಟ್, ನಿಂಟೆಂಡೊದ ಸ್ವಿಚ್ ಕನ್ಸೋಲ್‌ಗೆ ಬಂತು. ಪ್ಲೇಸ್ಟೇಷನ್ 4ರಲ್ಲಿ ಒಮ್ಮೆ ಬಳಸಿದ್ದ ಎಪಿಕ್ ಖಾತೆಯಿಂದ ಸ್ವಿಚ್‌ನಲ್ಲಿ ಲಾಗಿನ್ ಆಗಲು ಹೋದವರಿಗೆ ಬಾಗಿಲು ಮುಚ್ಚಿತ್ತು. ಆಟದ ಪಾತ್ರಗಳಿಗೆಂದು ಹಣ ಕೊಟ್ಟು ಕೊಂಡ ವೇಷಭೂಷಣಗಳೆಲ್ಲ ಪ್ಲೇಸ್ಟೇಷನ್‌ನಲ್ಲೇ ಸೆರೆ. ಸ್ವಿಚ್ ಮತ್ತು ಎಕ್ಸ್‌ಬಾಕ್ಸ್‌ನವರು ಪರಸ್ಪರ ಕೂಡಿ ಆಡುತ್ತಿದ್ದರು, ಸೋನಿ ಮಾತ್ರ ಹೊರಗೆ ನಿಂತಿತ್ತು. ಮಾರುಕಟ್ಟೆಯಲ್ಲಿ ಎಲ್ಲರಿಗಿಂತ ದೊಡ್ಡ ಗುಂಪು ಯಾರ ಬಳಿ ಇದೆಯೋ ಅವರಿಗೆ ಬೇಲಿ ತೆಗೆದು ಆಗಬೇಕಾದದ್ದೇನೂ ಇರುವುದಿಲ್ಲ. ಮೂರು ತಿಂಗಳ ಬೈಗುಳದ ನಂತರ ಸೆಪ್ಟೆಂಬರ್ 26ರಂದು ಸೋನಿ ಮಣಿಯಿತು. ಮಣಿದದ್ದೂ ಬಿಟ್ಟಿಯಾಗಿ ಅಲ್ಲ. 2021ರಲ್ಲಿ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಹೊರಬಿದ್ದ ಕಾಗದಗಳು ಹೇಳುವ ಪ್ರಕಾರ, ಪ್ಲೇಸ್ಟೇಷನ್‌ನಲ್ಲಿ ಆಡುವವರು ಹಣ ಮಾತ್ರ ಬೇರೆ ಕಡೆ ಹೆಚ್ಚಾಗಿ ಖರ್ಚು ಮಾಡಿದರೆ ಪ್ರಕಾಶಕರು ಸೋನಿಗೆ ಪರಿಹಾರ ಕಟ್ಟಿಕೊಡಬೇಕಿತ್ತು. ಬೇಲಿ ತೆಗೆದರು, ಸುಂಕದ ಕಟ್ಟೆ ಹಾಕಿಕೊಂಡರು.

ಇತ್ತ ಸೋತ ಮೈಕ್ರೋಸಾಫ್ಟ್ ಏನು ಮಾಡುತ್ತಿತ್ತು? ಫಿಲ್ ಸ್ಪೆನ್ಸರ್ ಕೈಗೆ ಎಕ್ಸ್‌ಬಾಕ್ಸ್‌ನ ಚುಕ್ಕಾಣಿ ಬಂದ ಮೇಲೆ ಗ್ರಾಹಕರಿಗೆ ಸಿಕ್ಕ ಸೌಲಭ್ಯಗಳು ಒಂದೆರಡಲ್ಲ. 2015ರಲ್ಲಿ ಎಕ್ಸ್‌ಬಾಕ್ಸ್ 360ರ ಗೇಮ್‌ಗಳು ಎಕ್ಸ್‌ಬಾಕ್ಸ್ ಒನ್‌ನಲ್ಲಿ ಓಡತೊಡಗಿದವು. ಹಳೆಯ ಡಿಸ್ಕ್ ಹಾಕಿದರೂ ಸಾಕು, ಮತ್ತೆ ದುಡ್ಡು ಕೊಡಬೇಕಿಲ್ಲ. 2016ರಲ್ಲಿ ಒಮ್ಮೆ ಕೊಂಡ ಗೇಮನ್ನು ಎಕ್ಸ್‌ಬಾಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಆಡುವ ಸೌಕರ್ಯ. 2017ರಲ್ಲಿ ತಿಂಗಳಿಗೆ 9.99 ಡಾಲರ್ ಚಂದಾಕ್ಕೆ ಹಲವು ಗೇಮ್‌ಗಳನ್ನು ಆಡಬಹುದಾದ ಗೇಮ್ ಪಾಸ್. 2018ರಿಂದ ಕಂಪನಿಯ ಸ್ವಂತ ಹೊಸ ಗೇಮ್‌ಗಳೂ ಬಿಡುಗಡೆಯ ದಿನವೇ ಅದರೊಳಗೆ. 2020ರಲ್ಲಿ ಹೊಸ ಯಂತ್ರ ಬಂದಾಗ, ಹಲವು ಗೇಮ್‌ಗಳ ಹಳೆಯ ಆವೃತ್ತಿ ಕೊಂಡವರಿಗೆ ಹೊಸ ಆವೃತ್ತಿ ತಾನಾಗಿ, ಉಚಿತವಾಗಿ.

ಈ ಕೊನೆಯದಕ್ಕೆ ಸೋನಿಯ ಪ್ರತಿಕ್ರಿಯೆ ಗಮನಿಸಿ. ಹೊರೈಜನ್ ಸರಣಿಯ ಹೊಸ ಗೇಮ್‌ಗೆ ಪ್ಲೇಸ್ಟೇಷನ್ 4ರಿಂದ 5ಕ್ಕೆ ಉಚಿತ ಬಡ್ತಿ ಸಿಗುತ್ತದೆ ಎಂದು ಮೊದಲು ಹೇಳಿದ್ದ ಸೋನಿ, 2021ರ ಸೆಪ್ಟೆಂಬರ್‌ನಲ್ಲಿ ಸಾಮಾನ್ಯ ಆವೃತ್ತಿಗೆ ಅದಿಲ್ಲ ಎಂದಿತು. ಗಲಾಟೆಯಾಯಿತು. ಎರಡೇ ದಿನದಲ್ಲಿ ಮಾತು ಉಳಿಸಿಕೊಳ್ಳುವುದಾಗಿ ಹೇಳಿ, ಅದೇ ಉಸಿರಿನಲ್ಲಿ ಇನ್ನು ಮುಂದೆ ತನ್ನ ಗೇಮ್‌ಗಳ ಇಂಥ ಬಡ್ತಿಗೆ 10 ಡಾಲರ್ ಎಂದು ಸೇರಿಸಿತು. ಪ್ರತಿಸ್ಪರ್ಧಿ ಉಚಿತವಾಗಿ ಕೊಡುತ್ತಿದ್ದಾನೆ, ಆದರೂ ಮುಂದಿರುವವನು ಹಣ ಕೇಳಬಲ್ಲ. ಅರ್ಥಶಾಸ್ತ್ರದ ಸಾಮಾನ್ಯ ಲೆಕ್ಕದಲ್ಲಿ ಹೀಗಾಗಬಾರದು, ಗ್ರಾಹಕ ಎದ್ದು ಆಚೆ ಹೋಗಬೇಕಿತ್ತು. ಯಾಕೆ ಹೋಗಲಿಲ್ಲ?

ನಾನು ಇವತ್ತು ಹೇಳಬೇಕೆಂದು ಬಂದದ್ದರ ಹೂರಣ ಇಲ್ಲಿದೆ. 2023ರ ಮೇ ತಿಂಗಳಲ್ಲಿ ಒಂದು ಸಂದರ್ಶನದಲ್ಲಿ ಸ್ಪೆನ್ಸರ್ ಅಪರೂಪದ ಪ್ರಾಮಾಣಿಕತೆಯಿಂದ ಮಾತನಾಡಿದರು. ನಾವು ಸೋಲಲೇಬಾರದಿದ್ದ ತಲೆಮಾರಿನಲ್ಲಿ ಸೋತೆವು, ಎಲ್ಲರೂ ತಮ್ಮ ಡಿಜಿಟಲ್ ಸಂಗ್ರಹ ಕಟ್ಟಿಕೊಂಡದ್ದು ಆ ತಲೆಮಾರಿನಲ್ಲೇ ಎಂಬುದು ಅವರ ಮಾತಿನ ಸಾರ. ಒಳ್ಳೆಯ ಗೇಮ್‌ಗಳನ್ನು ಮಾಡಿದ ಮಾತ್ರಕ್ಕೆ ಜನ ತಮ್ಮ ಪ್ಲೇಸ್ಟೇಷನ್ ಮಾರಿ ಬರುತ್ತಾರೆ ಎಂದು ತಾನು ನಂಬುವುದಿಲ್ಲ ಎಂದೂ ಹೇಳಿದರು.

ಪ್ಲೇಸ್ಟೇಷನ್ 2ರ ಕಾಲದಲ್ಲಿ ಯಂತ್ರ ಬದಲಿಸುವುದು ಸುಲಭವಿತ್ತು. ಹಳೆಯ ಯಂತ್ರವನ್ನೂ ಡಿಸ್ಕ್‌ಗಳನ್ನೂ ಮಾರಿ, ಆ ಹಣಕ್ಕೆ ಸ್ವಲ್ಪ ಸೇರಿಸಿ ಎದುರು ಪಾಳಯಕ್ಕೆ ಹೋಗಬಹುದಿತ್ತು. ಸೋನಿಯೇ 2006ರಲ್ಲಿ ಅದರ ಬಿಸಿ ಉಂಡಿತ್ತು. ದಾಖಲೆ ಮಾರಾಟದ ಗತ್ತಿನಲ್ಲಿ ಪ್ಲೇಸ್ಟೇಷನ್ 3ಕ್ಕೆ ಅಮೆರಿಕದಲ್ಲಿ 499 ಮತ್ತು 599 ಡಾಲರ್ ಬೆಲೆ ಇಟ್ಟಾಗ ಹಳೆಯ ಗ್ರಾಹಕರು ಗುಂಪುಗುಂಪಾಗಿ ಎಕ್ಸ್‌ಬಾಕ್ಸ್ ಕಡೆ ನಡೆದರು. ಅವರನ್ನು ಹಿಡಿದಿಡುವಂಥದ್ದು ಏನೂ ಇರಲಿಲ್ಲ. ಇವತ್ತು ನಿಮ್ಮ ಖಾತೆಯಲ್ಲಿ ನೂರು ಗೇಮ್‌ಗಳಿದ್ದರೆ ಅವುಗಳ ಮರುಮಾರಾಟದ ಬೆಲೆ ಸೊನ್ನೆ. ಪಾಳಯ ಬದಲಿಸಿದರೆ ಅಷ್ಟೂ ಹಿಂದೆ ಉಳಿಯುತ್ತವೆ. ಗೆಳೆಯರ ಪಟ್ಟಿ, ಗಳಿಸಿದ ಪದಕಗಳು, ಆಟದ ಪ್ರಗತಿ ಎಲ್ಲವೂ. ಕೊಳ್ಳುವ ಪ್ರತಿ ಗೇಮ್ ನಿಮ್ಮ ಕಾಲಿಗೆ ಇನ್ನೊಂದು ಎಳೆ ಹಗ್ಗ ಸುತ್ತುತ್ತದೆ, ಮತ್ತು ಆ ಹಗ್ಗಕ್ಕೆ ದುಡ್ಡು ಕೊಡುತ್ತಿರುವವರು ನೀವೇ.

ಹಾಗೆ ನೋಡಿದರೆ ಹಳೆಯ ಗೇಮ್‌ಗಳು ಹೊಸ ಯಂತ್ರದಲ್ಲಿ ಓಡುವ ಸೌಲಭ್ಯಕ್ಕೂ ಎರಡು ಮುಖಗಳಿವೆ. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಹಳೆಯ ಗೇಮ್‌ಗಳನ್ನು ಉಳಿಸುವ ಕೆಲಸವನ್ನು ಈ ಸೌಲಭ್ಯ ಕಟ್ಟಿದ ಮೈಕ್ರೋಸಾಫ್ಟ್‌ನ ತಂಡ ಮಾಡಿದಷ್ಟು ಶ್ರದ್ಧೆಯಿಂದ ಬೇರೆ ಯಾವ ಕನ್ಸೋಲ್ ಕಂಪನಿಯೂ ಮಾಡಿಲ್ಲ. ಆದರೆ ಪ್ಲೇಸ್ಟೇಷನ್ 4ರ ಬಹುತೇಕ ಎಲ್ಲ ಗೇಮ್‌ಗಳೂ 5ರಲ್ಲಿ ಓಡುತ್ತವೆ ಎಂದಾದಾಗ, ಹೊಸ ತಲೆಮಾರು ಎಂದರೆ ಎಲ್ಲರೂ ಮತ್ತೆ ಮೊದಲಿನಿಂದ ಯೋಚಿಸುವ ಘಳಿಗೆ ಎಂಬುದೇ ಇಲ್ಲವಾಯಿತು. 2006ರಲ್ಲೂ 2013ರಲ್ಲೂ ಸೊಕ್ಕಿದವರಿಗೆ ಶಿಕ್ಷೆ ಸಿಕ್ಕದ್ದು ಆ ಘಳಿಗೆಯಲ್ಲಿ.

ಇನ್ನು ಅಂಗಡಿಯ ವಿಷಯ. ಡಿಸ್ಕ್ ಆದರೆ ಹತ್ತು ಅಂಗಡಿಗಳಲ್ಲಿ ಹತ್ತು ಬೆಲೆ, ಮೇಲೆ ಸೆಕೆಂಡ್ ಹ್ಯಾಂಡ್. ಡಿಜಿಟಲ್ ಆದರೆ ಆ ಯಂತ್ರಕ್ಕೆ ಒಂದೇ ಅಂಗಡಿ, ಅದರ ಮಾಲೀಕ ಯಂತ್ರ ಮಾಡಿದವನೇ, ಪ್ರತಿ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 30 ಅವನ ಪಾಲು. ಹಿಂದೆ ಹೊರಗಿನ ವ್ಯಾಪಾರಿಗಳೂ ಪೂರ್ಣ ಗೇಮ್‌ಗಳ ಡೌನ್‌ಲೋಡ್ ಕೋಡ್‌ಗಳನ್ನು ಮಾರುತ್ತಿದ್ದರು, ಅಲ್ಲಿ ಸ್ವಲ್ಪ ಚೌಕಾಸಿಗೆ ಜಾಗವಿತ್ತು. 2019ರ ಏಪ್ರಿಲ್‌ನಿಂದ ಸೋನಿ ಅದನ್ನೂ ನಿಲ್ಲಿಸಿತು. 2020ರಲ್ಲಿ ಡಿಸ್ಕ್ ಡ್ರೈವ್ ಇಲ್ಲದ ಪ್ಲೇಸ್ಟೇಷನ್ 5 ಅಮೆರಿಕದಲ್ಲಿ 100 ಡಾಲರ್ ಕಡಿಮೆಗೆ ಸಿಗುತ್ತಿತ್ತು. ಡ್ರೈವ್ ಎಂಬ ಬಿಡಿಭಾಗಕ್ಕೆ ಅಷ್ಟು ಖರ್ಚಾಗುತ್ತದೆ ಎಂದು ನಾನು ನಂಬುವುದಿಲ್ಲ. ಆ ರಿಯಾಯಿತಿ, ಮುಂದೆ ಒಂದೇ ಅಂಗಡಿಗೆ ಬರುತ್ತೇನೆ ಎಂದು ಗ್ರಾಹಕ ಬರೆದುಕೊಟ್ಟ ಮುಚ್ಚಳಿಕೆಗೆ ಸಿಕ್ಕ ಮುಂಗಡ. 2024ರಲ್ಲಿ 700 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 5 ಪ್ರೊ ಯಂತ್ರದಲ್ಲಿ ಡ್ರೈವ್ ಇಲ್ಲವೇ ಇಲ್ಲ, ಬೇಕಾದರೆ ಬೇರೆಯಾಗಿ ಕೊಂಡು ಜೋಡಿಸಬೇಕು, ಜೋಡಿಸುವಾಗ ಒಮ್ಮೆ ಇಂಟರ್ನೆಟ್ ಅನುಮತಿ ಪಡೆಯಬೇಕು. ಈ ಏಕಸ್ವಾಮ್ಯದಿಂದ ಗ್ರಾಹಕರು ಹೆಚ್ಚು ಬೆಲೆ ತೆರುತ್ತಿದ್ದಾರೆ ಎಂದು ಬ್ರಿಟನ್‌ನಲ್ಲಿ 2022ರಲ್ಲಿ ಸುಮಾರು 500 ಕೋಟಿ ಪೌಂಡ್‌ಗಳ ಸಾಮೂಹಿಕ ದಾವೆಯೇ ಹೂಡಲ್ಪಟ್ಟಿತು.

ಅಂಗಡಿ ಮುಚ್ಚಿದರೆ? 2021ರ ಮಾರ್ಚ್‌ನಲ್ಲಿ ಸೋನಿ ಪ್ಲೇಸ್ಟೇಷನ್ 3, ಮತ್ತು ಕೈಯಲ್ಲಿ ಹಿಡಿದು ಆಡುವ ವೀಟಾ, ಪಿಎಸ್‌ಪಿ ಯಂತ್ರಗಳ ಆನ್‌ಲೈನ್ ಅಂಗಡಿಗಳನ್ನು ಮುಚ್ಚುವುದಾಗಿ ಹೇಳಿತು. ಏಪ್ರಿಲ್‌ನಲ್ಲಿ, ನಮ್ಮ ತೀರ್ಮಾನ ತಪ್ಪಾಗಿತ್ತು ಎಂದು ಮುಖ್ಯಸ್ಥ ಜಿಮ್ ರಯಾನ್ ಒಪ್ಪಿಕೊಂಡು ಮೊದಲ ಎರಡನ್ನು ಉಳಿಸಿದರು. ನಿಂಟೆಂಡೊ ಇಂಥ ಒತ್ತಡಕ್ಕೆ ಸೊಪ್ಪು ಹಾಕುವುದಿಲ್ಲ. ಅದರ ಹಳೆಯ ಕನ್ಸೋಲ್ ವೀಯ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು, 3ಡಿಎಸ್ ಮತ್ತು ವೀ ಯು ಅಂಗಡಿಗಳು 2023ರ ಮಾರ್ಚ್ 27ರಂದು. ಎಕ್ಸ್‌ಬಾಕ್ಸ್ 360ರ ಅಂಗಡಿಯೂ 2024ರ ಜುಲೈನಲ್ಲಿ ಬಾಗಿಲು ಹಾಕಿತು, ಆದರೆ ಅಲ್ಲಿನ ನೂರಾರು ಗೇಮ್‌ಗಳು ಹೊಸ ಯಂತ್ರಗಳಲ್ಲಿ ಇನ್ನೂ ಓಡುತ್ತವೆ. ನಾನು ಮೊದಲು ಹೇಳಿದ ಆ ತಂಡದ ಕೆಲಸದ ಫಲ ಇದು.

ಮುಚ್ಚುವುದಕ್ಕಿಂತ ವಿಚಿತ್ರವಾದದ್ದು, ಕೊಂಡದ್ದನ್ನು ಮನೆಯಿಂದಲೇ ಎತ್ತಿಕೊಂಡು ಹೋಗುವುದು. 2023ರ ಡಿಸೆಂಬರ್ ಆರಂಭದಲ್ಲಿ ಪ್ಲೇಸ್ಟೇಷನ್ ಗ್ರಾಹಕರಿಗೆ ಒಂದು ಸೂಚನೆ ಬಂತು: ನೀವು ಹಣ ಕೊಟ್ಟು ಕೊಂಡಿರುವ ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳು ತಿಂಗಳ ಕೊನೆಗೆ ನಿಮ್ಮ ಸಂಗ್ರಹದಿಂದ ಹೋಗುತ್ತವೆ. ಹಣ ವಾಪಸಿನ ಮಾತಿಲ್ಲ. ಆಕ್ರೋಶ ಎದ್ದು, ತಿಂಗಳು ಮುಗಿಯುವ ಮೊದಲೇ ಹೊಸ ಒಪ್ಪಂದವಾಯಿತು, ಕಾರ್ಯಕ್ರಮಗಳು ಉಳಿದವು. ಎಷ್ಟು ಕಾಲ ಗೊತ್ತೇ? ಕನಿಷ್ಠ 30 ತಿಂಗಳು ಎಂದು ಸೋನಿ ಹೇಳಿತು. ಸ್ವಂತ ದುಡ್ಡಿನಲ್ಲಿ ಕೊಂಡದ್ದಕ್ಕೆ ಬಾಡಿಗೆ ಕರಾರಿನ ಅವಧಿ! ಅದನ್ನೂ ಜನ ವಿಜಯವೆಂದೇ ಸಂಭ್ರಮಿಸಿದರು.

ಹಣ ವಾಪಸಿನ ವಿಚಾರದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪಿಸಿಯಲ್ಲಿ ಸ್ಟೀಮ್ 2015ರಿಂದ, ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಕಾರಣ ಕೇಳದೆ ಹಣ ಕೊಡುತ್ತದೆ. ಪ್ಲೇಸ್ಟೇಷನ್‌ನಲ್ಲಿ ಡೌನ್‌ಲೋಡ್ ಆರಂಭವಾದರೆ ಸಾಮಾನ್ಯವಾಗಿ ಆ ಹಕ್ಕು ಹೋಯಿತು. ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಡೌನ್‌ಲೋಡ್ ಮಾಡಿ ಆಡಿದ ಮೇಲೆ ತಾನೆ? ಸೈಬರ್‌ಪಂಕ್ 2077 ಎಂಬ ಗೇಮ್ ಹಳೆಯ ಯಂತ್ರಗಳಲ್ಲಿ ಕುಂಟುತ್ತಾ ಬಂದಾಗ 2020ರ ಡಿಸೆಂಬರ್‌ನಲ್ಲಿ ಸೋನಿ ಕೇಳಿದವರಿಗೆಲ್ಲ ಹಣ ಮರಳಿಸಿತು, ಗೇಮನ್ನೇ ಆರು ತಿಂಗಳು ಅಂಗಡಿಯಿಂದ ತೆಗೆಯಿತು. 2024ರಲ್ಲಿ ತನ್ನದೇ ಗೇಮ್ ಕಾನ್ಕಾರ್ಡ್ ಎರಡು ವಾರದಲ್ಲಿ ನೆಲಕಚ್ಚಿದಾಗಲೂ ಪೂರ್ತಿ ಹಣ ಕೊಟ್ಟಿತು. ಇವು ಮರ್ಜಿಯ ಮೇಲೆ ಬಂದವು. ಕಾನೂನಿನಿಂದ ಬಂದದ್ದು ಆಸ್ಟ್ರೇಲಿಯಾದಲ್ಲಿ. ದೋಷವಿರುವ ಗೇಮ್‌ಗೂ ಡೌನ್‌ಲೋಡ್ ಆದಮೇಲೆ ಹಣ ಕೊಡಬೇಕಿಲ್ಲ ಎಂದು ಗ್ರಾಹಕರಿಗೆ ತಪ್ಪು ಹೇಳಿದ್ದಕ್ಕೆ ಅಲ್ಲಿನ ನ್ಯಾಯಾಲಯ 2020ರಲ್ಲಿ ಸೋನಿಯ ಯುರೋಪ್ ಘಟಕಕ್ಕೆ 35 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ವಾಲ್ವ್‌ಗೂ ಅದೇ ದೇಶದಲ್ಲಿ ಅದಕ್ಕೆ ಮೊದಲು 30 ಲಕ್ಷ ದಂಡ ಬಿದ್ದಿತ್ತು. ಸ್ಟೀಮ್ ಹೊಗಳುವವರು ಇದನ್ನೂ ನೆನಪಿಡಬೇಕು.

ಹಿಂದೆ ಬಿದ್ದವರ ಔದಾರ್ಯ ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆಗೆ ಗೇಮ್ ಪಾಸ್ ಒಳ್ಳೆಯ ಉತ್ತರ. 9.99 ಡಾಲರ್‌ಗೆ ಶುರುವಾದ ಯೋಜನೆಯ ಮೇಲ್ದರ್ಜೆ, ಅಲ್ಟಿಮೇಟ್, 2019ರಲ್ಲಿ 14.99 ಇತ್ತು. 2025ರ ಅಕ್ಟೋಬರ್‌ನಲ್ಲಿ ಅದು ಒಂದೇ ನೆಗೆತಕ್ಕೆ 19.99ರಿಂದ 29.99 ಆಯಿತು. 2021ರ ಜನವರಿಯಲ್ಲಿ ಇದೇ ಕಂಪನಿ ಆನ್‌ಲೈನ್ ಚಂದಾ ಏರಿಸಿ, ಬೈಗುಳ ತಿಂದು, ಅದೇ ದಿನ ಹಿಂದೆ ಸರಿದಿತ್ತು. ಈ ಬಾರಿ ಹಾಗೆ ರಾತ್ರೋರಾತ್ರಿ ಹಿಂದೆ ಸರಿಯಲಿಲ್ಲ. ಸೋನಿಯೂ 2023ರಲ್ಲಿ ಪ್ಲಸ್‌ನ ವಾರ್ಷಿಕ ಚಂದಾವನ್ನು 60ರಿಂದ 80 ಡಾಲರ್‌ಗೆ ಏರಿಸಿತ್ತು. ಚಂದಾದಲ್ಲಿ ಒಂದು ಸಮಾಧಾನವಿದೆ, ಅದು ಬಾಡಿಗೆ ಎಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ನಿಂಟೆಂಡೊ ಈ ನನ್ನ ಲೆಕ್ಕಕ್ಕೆ ಪೂರ್ತಿ ಸಿಗದ ಕಂಪನಿ. ಗೆದ್ದಾಗಲೂ ಸೋತಾಗಲೂ ತನ್ನ ದಾರಿಯಲ್ಲೇ ನಡೆಯುತ್ತದೆ, ಬೆಲೆ ಇಳಿಸುವುದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಆದರೆ 2025ರಲ್ಲಿ ಸ್ವಿಚ್ 2 ಜೊತೆಗೆ ಅದು ತಂದ ಎರಡು ಹೊಸ ಪದ್ಧತಿಗಳು ಕುತೂಹಲ ಹುಟ್ಟಿಸುತ್ತವೆ. ಡಿಜಿಟಲ್ ಆಗಿ ಕೊಂಡ ಗೇಮನ್ನು ಒಂದು ಕಾಲ್ಪನಿಕ ಕಾರ್ಡ್‌ನಂತೆ ನೋಡುವುದು ಮೊದಲನೆಯದು. ಅದನ್ನು ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು, ಕುಟುಂಬದ ಗುಂಪಿನಲ್ಲಿರುವವರಿಗೆ ಎರಡು ವಾರಕ್ಕೆ ಎರವಲು ಕೊಡಬಹುದು, ಅವಧಿ ಮುಗಿದ ಮೇಲೆ ತಾನಾಗಿ ಮರಳುತ್ತದೆ. 2013ರಲ್ಲಿ ಬುಟ್ಟಿಗೆ ಬಿದ್ದ ಯೋಜನೆಯ ಚಿಕ್ಕ ತಂಗಿ ಎನ್ನಬಹುದು. ಎರಡನೆಯದು ಇದಕ್ಕೆ ತಿರುಗಾಮುರುಗಾ: ಕೈಯಲ್ಲಿ ಹಿಡಿಯುವ ನಿಜವಾದ ಕಾರ್ಡ್ ಇರುತ್ತದೆ, ಒಳಗೆ ಗೇಮ್ ಇರುವುದಿಲ್ಲ, ಬರೀ ಕೀಲಿ. ಗೇಮನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು, ಆಡುವಾಗ ಕಾರ್ಡ್ ಸಿಕ್ಕಿಸಿರಬೇಕು. ಬಹಳ ಮಂದಿ ಇದನ್ನು ಬೈದರು. ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಸರ್ವರ್ ನಿಂತ ದಿನ ಅದು ಪ್ಲಾಸ್ಟಿಕ್ ಚೂರು, ನಿಜ. ಅಲ್ಲಿಯವರೆಗೆ ಅದನ್ನು ಮಾರಬಹುದು, ಯಾರಿಗಾದರೂ ಕೊಡಬಹುದು. ಬರೀ ಡೌನ್‌ಲೋಡ್‌ಗೆ ಅಷ್ಟೂ ಇಲ್ಲ.

ಕಾನೂನು ಕಾಪಾಡುತ್ತದೆಯೇ ಎಂದು ಕೇಳುತ್ತೀರಿ. ಯುರೋಪಿನ ನ್ಯಾಯಾಲಯ 2012ರಲ್ಲಿ, ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರ್‌ನ ಪರವಾನಗಿಯನ್ನು ಮರುಮಾರಾಟ ಮಾಡಬಹುದು ಎಂದಿತ್ತು. ಆ ಧೈರ್ಯದ ಮೇಲೆ ಫ್ರಾನ್ಸ್‌ನ ಗ್ರಾಹಕ ಸಂಘವೊಂದು ವಾಲ್ವ್ ವಿರುದ್ಧ ಹೋಗಿ 2019ರಲ್ಲಿ ಪ್ಯಾರಿಸ್‌ನಲ್ಲಿ ಗೆದ್ದಿತು. 2022ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಆರಂಭದಿಂದ, ನೀವು ಪಡೆಯುತ್ತಿರುವುದು ಬರೀ ಪರವಾನಗಿ ಎಂದು ಅಂಗಡಿಗಳು ಹಣ ಕಟ್ಟುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ಕಂಪನಿಗಳಿಗೆ ಇದರಿಂದ ನಷ್ಟವೇನಿಲ್ಲ, ಒಂದು ಸಾಲು ಸೇರಿಸಿದರೆ ಮುಗಿಯಿತು. ಹೆಚ್ಚು ಹಲ್ಲಿರುವುದು ಯುರೋಪಿನ ಇನ್ನೊಂದು ಪ್ರಯತ್ನಕ್ಕೆ. ಗೇಮ್ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ ಕೊನೆಗೆ ದಿ ಕ್ರೂ ಎಂಬ ಗೇಮ್‌ನ ಸರ್ವರ್ ನಿಲ್ಲಿಸಿದಾಗ, ಒಬ್ಬರೇ ಆಡುತ್ತಿದ್ದವರಿಗೂ ಅದು ತೆರೆಯದಾಯಿತು, ಡಿಸ್ಕ್ ಕೊಂಡವರಿಗೂ. ಅದರಿಂದ ಹುಟ್ಟಿದ ಚಳವಳಿಯ ಅರ್ಜಿ 2025ರ ಜುಲೈನಲ್ಲಿ 10 ಲಕ್ಷ ಸಹಿಗಳನ್ನು ದಾಟಿತು. ಅವರ ಬೇಡಿಕೆ ವಿನಯವಾದದ್ದು: ಸರ್ವರ್ ನಿಲ್ಲಿಸಿ, ಆದರೆ ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ.

ಇಷ್ಟೆಲ್ಲ ನೋಡಿದ ಮೇಲೆ, ಯಾವುದಾದರೂ ಕಂಪನಿ ಹೊಸ ಗ್ರಾಹಕಸ್ನೇಹಿ ನೀತಿ ಘೋಷಿಸಿದಾಗ ನಾನು ನೋಡುವುದು ಒಂದೇ: ಅದು ನನಗೆ ಆಚೆ ಹೋಗುವುದನ್ನು ಸುಲಭ ಮಾಡುತ್ತದೆಯೋ, ಇಲ್ಲೇ ಇರುವುದನ್ನು ಹಿತ ಮಾಡುತ್ತದೆಯೋ. ಉಚಿತ ಬಡ್ತಿ, ಹಳೆಯ ಗೇಮ್‌ಗಳ ಓಟ, ಅಗ್ಗದ ಚಂದಾ ಎಲ್ಲವೂ ಎರಡನೆಯ ಗುಂಪಿನವು. ಮೊದಲನೆಯ ಗುಂಪಿನಲ್ಲಿ ಇರುವುದು ಬಹಳ ಕಡಿಮೆ: ಡಿಸ್ಕ್‌ನ ಮರುಮಾರಾಟ, ಕೂಡಿ ಆಡುವ ಸೌಕರ್ಯ, ಪೋರ್ಟಲ್ 2ರಂಥ ಒಂದೆರಡು ಅಪವಾದ.

ಕೊಂಡದ್ದನ್ನು ಆಚೆ ಒಯ್ಯಲು ಬಿಡುವುದು ಆಗದ ಕೆಲಸವೇನೂ ಅಲ್ಲ. ಅಮೆರಿಕದಲ್ಲಿ ಐದು ದೊಡ್ಡ ಚಿತ್ರ ಸಂಸ್ಥೆಗಳು 2017ರಲ್ಲಿ ಮೂವೀಸ್ ಎನಿವೇರ್ ಎಂಬ ಸೇವೆಯಲ್ಲಿ ಕೈಜೋಡಿಸಿದವು. ಆಪಲ್‌ನಲ್ಲಿ ಕೊಂಡ ಚಿತ್ರ ಅಮೆಜಾನ್‌ನ ಸಂಗ್ರಹದಲ್ಲೂ ಕಾಣಿಸಿಕೊಳ್ಳುತ್ತದೆ. ಆ ಐವರಲ್ಲಿ ಸೋನಿಯ ಚಿತ್ರ ವಿಭಾಗವೂ ಒಂದು. ಗೇಮ್ ವಿಭಾಗಕ್ಕೆ ಮಾತ್ರ ಆ ಗಾಳಿ ಸೋಕಿಲ್ಲ.

ಈಗ ಮೈಕ್ರೋಸಾಫ್ಟ್ ತನ್ನ ಗೇಮ್‌ಗಳನ್ನೇ ಪ್ಲೇಸ್ಟೇಷನ್‌ಗೆ ಕೊಡುತ್ತಿದೆ. 2021ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದಿದ್ದ ಫೋರ್ಜಾ ಹೊರೈಜನ್ 5, 2025ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂತು. ಬೇಲಿಯ ಎರಡೂ ಬದಿಯಲ್ಲಿ ಒಂದೇ ಕಂಪನಿಯ ಒಂದೇ ಗೇಮ್. ಪ್ಲೇಸ್ಟೇಷನ್‌ನಲ್ಲಿ ಅದನ್ನು ಆಡಲು ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವುದು ಕಡ್ಡಾಯ. ಎಕ್ಸ್‌ಬಾಕ್ಸ್‌ನಲ್ಲಿ ಅದನ್ನು ಯಾರು ಕೊಂಡಿದ್ದಾರೆ ಎಂಬ ದಾಖಲೆ ಆ ಖಾತೆಯಲ್ಲೇ ಇರುತ್ತದೆ. ಆದರೂ ಅಂಥವರು ಪ್ಲೇಸ್ಟೇಷನ್‌ಗೆ ಬಂದರೆ ಪೂರ್ತಿ ಬೆಲೆ ಕೊಟ್ಟು ಇನ್ನೊಮ್ಮೆ ಕೊಳ್ಳಬೇಕು.